ಏಳು ಕುದುರೆಯ ಮೊಟ್ಟೆಪೆಟ್ಟಿಗೆ

ಅಳತೆ ತಪ್ಪಿ ಕೆಟ್ಟವರ ಕಥೆಗಳು ಊರಿಗೆ ನೂರು ಸಿಕ್ಕುತ್ತವೆ. ಅಳತೆಯನ್ನೂ ಸರಿಯಾಗಿ ತೆಗೆದು, ಲೆಕ್ಕವನ್ನೂ ಸರಿಯಾಗಿ ಮಾಡಿ, ಆ ಸರಿಯಾದ ಲೆಕ್ಕದ ಬಲದಿಂದಲೇ ಒಂದಿಡೀ ಬೀದಿಯನ್ನು ಮನೆಯಿಂದ ಹೊರಗೆ ಓಡಿಸಿದ ಪುಣ್ಯಾತ್ಮರು ಅಪರೂಪ. ಅಂಥವರಲ್ಲಿ ಒಬ್ಬರು ಅಳತೆಪ್ಪನವರು.

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಮತದಾರರ ಪಟ್ಟಿಯಲ್ಲಿ ಭದ್ರವಾಗಿತ್ತು. ಅಲ್ಲಿಂದ ಅದನ್ನು ಹೊರಗೆ ತೆಗೆಯುವ ಗೋಜಿಗೆ ಯಾರೂ ಹೋಗಿರಲಿಲ್ಲ. ಬೀದಿಯ ತಿರುವಿನಲ್ಲಿದ್ದ ಚಪ್ಪಲಿ ಅಂಗಡಿಯಲ್ಲಿ ಬಂದವರ ಪಾದ ಅಳೆದು ಸರಿಯಾದ ಜೋಡು ತೊಡಿಸಿ ಕಳಿಸುವುದು ಇಪ್ಪತ್ತಾರು ವರ್ಷದಿಂದ ಅವರ ಕೆಲಸ. ಭಕ್ತರು ದೇವರ ಪಾದವನ್ನು ದಿನಕ್ಕೆ ಎರಡು ಸಲ ಮುಟ್ಟಿದರೆ ಹೆಚ್ಚು. ಅಳತೆಪ್ಪನವರು ಮನುಷ್ಯರ ಪಾದವನ್ನು ದಿನಕ್ಕೆ ಎಂಬತ್ತು ಸಲ ಮುಟ್ಟುತ್ತಿದ್ದರು, ಶ್ರದ್ಧೆಯಲ್ಲಿ ಒಂದು ಗುಲಗಂಜಿಯೂ ಕಡಿಮೆಯಾಗದಂತೆ. ಇಷ್ಟು ಸೇವೆಯಿಂದ ಅವರಿಗೆ ದಕ್ಕಿದ ಜ್ಞಾನ ಒಂದೇ: ಡಬ್ಬದ ಮೇಲೆ ಅಚ್ಚಾದದ್ದನ್ನು ನಂಬಬೇಡ. ಮೇಲೆ ಎಂಟು ಎಂದಿದ್ದರೆ ಒಳಗಿರುವುದು ಏಳೂವರೆ, ಇಲ್ಲವೇ ಎಂಟೂವರೆ. ಒಂದೇ ಡಬ್ಬದಲ್ಲಿ ಎರಡೂ ಎಡಗಾಲಿನವೇ ಬಂದದ್ದೂ ಉಂಟು. ನಂಬಬೇಕಾದದ್ದು ಕೈಯಲ್ಲಿರುವ ಅಳತೆಪಟ್ಟಿಯನ್ನು ಮಾತ್ರ.

ಇಂಥವರ ಕೈಗೆ ಒಂದು ಮಲ್ಟಿಮೀಟರು ಸಿಕ್ಕಿತು.

ಅದು ಸಿಕ್ಕಿದ ಬಗೆ ಹೀಗೆ. ಗ್ರಂಥಾಲಯದ ಸಭಾಂಗಣದಲ್ಲಿ ಮನೆಯ ವಿದ್ಯುತ್ತಿನ ಬಗ್ಗೆ ಹತ್ತು ಸಂಜೆಯ ತರಗತಿ ನಡೆಯಿತು. ಅಳತೆಪ್ಪನವರು ಅಂಗಡಿಯ ಬಾಗಿಲೆಳೆದು ನೇರ ಅಲ್ಲಿಗೆ ಹೋಗಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಕರೆಂಟು ಎಂದರೆ ಕೊಳವೆಯಲ್ಲಿ ಹರಿಯುವ ನೀರಿನ ಹಾಗೆ, ಆಂಪಿಯರು ಎಂದರೆ ಆ ಹರಿವಿನ ಅಳತೆ, ವೋಲ್ಟು ಎಂದರೆ ಅದನ್ನು ನೂಕುವ ಒತ್ತಡ, ರೋಧ ಎಂದರೆ ದಾರಿಯ ಇಕ್ಕಟ್ಟು, ವ್ಯಾಟು ಎಂದರೆ ಕೊನೆಗೆ ಆಗುವ ಕೆಲಸ ಎಂದು ಪಾಠ ಹೇಳುವವರು ವಿವರಿಸಿದರು. ಉಳಿದವರೆಲ್ಲ ಸೂತ್ರಗಳನ್ನು ಪುಸ್ತಕಕ್ಕೆ ಇಳಿಸಿಕೊಂಡರೆ ಅಳತೆಪ್ಪನವರು ನಾಲಗೆಗೆ ಇಳಿಸಿಕೊಂಡರು. ಚಿಕ್ಕಂದಿನಲ್ಲಿ ರಾಗವಾಗಿ ಓದುವ ಕಾವ್ಯ ಕೇಳಿ ಬೆಳೆದ ಕಿವಿ ಅದು; ರಾಗವಿಲ್ಲದ ಯಾವ ವಿದ್ಯೆಯೂ ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಆದ್ದರಿಂದ ತಾವೇ ಒಂದು ಪದ್ಯ ಕಟ್ಟಿಕೊಂಡರು:

ವೋಲ್ಟನು ಆಂಪಿಯರಿನಿಂ ಭಾಗಿಸೆ ರೋಧ,
ವೋಲ್ಟನು ಆಂಪಿಯರಿನಿಂ ಗುಣಿಸೆ ವ್ಯಾಟೆಂಬ ಬೋಧ.

ಹತ್ತನೆಯ ಸಂಜೆಯ ಪರೀಕ್ಷೆಯಲ್ಲಿ ಅವರೇ ಮೊದಲಿಗರು. ಬಹುಮಾನ, ವೋಲ್ಟು, ಆಂಪಿಯರು, ರೋಧ ಮೂರನ್ನೂ ಅಳೆಯುವ, ಹಳದಿ ಬಣ್ಣದ, ಅಂಗೈ ಅಗಲದ ಮಲ್ಟಿಮೀಟರು. ಅದನ್ನು ಕೈಗಿಡುವಾಗ ಪಾಠ ಹೇಳುವವರು ಒಂದು ಕಿವಿಮಾತು ಹೇಳಿದರು: "ರೋಧ ಅಳೆಯೋವಾಗ ಮಾತ್ರ ಕರೆಂಟು ಆರಿಸಿರಬೇಕು. ಉರೀತಿರೋದಕ್ಕೆ ಕಡ್ಡಿ ಚುಚ್ಚಿದ್ರೆ ಮೀಟರೂ ಹೋಗುತ್ತೆ, ಮನುಷ್ಯನೂ ಹೋಗ್ತಾನೆ." ಅಳತೆಪ್ಪನವರು ಈ ಗುರುವಾಕ್ಯವನ್ನು ತಲೆಯ ಮೇಲೆ ಹೊತ್ತು ಮನೆಗೆ ಬಂದರು. ಮುಂದೆ ನಡೆದದ್ದಕ್ಕೆಲ್ಲ ಕಾರಣ ಅವರ ಈ ವಿಧೇಯತೆಯೇ. ಸ್ವಲ್ಪ ಉಡಾಫೆಯ ಮನುಷ್ಯನಾಗಿದ್ದರೆ ಏನೂ ಆಗುತ್ತಿರಲಿಲ್ಲ.

ಮನೆ ಎಂದರೆ ಅಕ್ಕನ ಮನೆ. ಹಿಂದಿನ ಕೋಣೆ ತಮ್ಮನದು, ಉಳಿದದ್ದೆಲ್ಲ ಅಕ್ಕನದು. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ಹಾಸಿಗೆ ಹೊದಿಕೆ ಒಗೆಸಿ ನಿವೃತ್ತಳಾದ ಅಕ್ಕ ಸುಮ್ಮನೆ ಕೂರುವ ಜಾತಿಯವಳಲ್ಲ. ಹಳೆಯ ಬಟ್ಟೆಬೀರುವಿನ ಒಳಗೆ ನೂರು ವ್ಯಾಟಿನ ನಾಲ್ಕು ಬಲ್ಬು ಹಾಕಿಸಿ, ಬಿಸಿ ಏರಿದರೆ ತಾನೇ ಆರಿಸುವ, ಇಳಿದರೆ ತಾನೇ ಹೊತ್ತಿಸುವ ಒಂದು ಪುಟ್ಟ ಯಂತ್ರ ಕೂರಿಸಿ, ಕೆಳಗೆ ನೀರಿನ ತಟ್ಟೆ ಇಟ್ಟು, ಕೋಳಿಯಿಲ್ಲದೆ ಮರಿ ಮಾಡಿಸುವ ಪೆಟ್ಟಿಗೆ ಮಾಡಿಕೊಂಡಿದ್ದಳು. ಮೊದಲ ಸಲ ಬಿಸಿ ಹೆಚ್ಚಾಗಿ ಮೊಟ್ಟೆಗಳು ಬೆಂದವು. ಎರಡನೆಯ ಸಲ ಬಿಸಿ ಸಾಲದೆ ಮೊಟ್ಟೆಗಳು ಮೊಟ್ಟೆಗಳಾಗಿಯೇ ಉಳಿದವು. ಎದುರುಮನೆಯ ಹಿಟ್ಟಿನ ಗಿರಣಿಯ ಅಮ್ಮ, "ಕೋಳಿ ಮಾಡೋ ಕೆಲಸಾನ ಕೋಳಿಗೇ ಬಿಡಬೇಕು ಕಣೇ. ಅದಕ್ಕೆ ಕೂತು ಅಭ್ಯಾಸ ಇರುತ್ತೆ" ಎಂದು ಎಲ್ಲರ ಮುಂದೆ ಅಂದಿದ್ದಳು. ಅಂದಿನಿಂದ ಅಕ್ಕ ಹಲ್ಲು ಕಚ್ಚಿಕೊಂಡಿದ್ದಳು.

"ಇದು ಮೂರನೇದು. ಇದೂ ಕೆಟ್ಟರೆ ಈ ಬೀರುವನ್ನ ಕೊಡಲಿ ತಗೊಂಡು ಒಡೆದು ಒಲೆಗೆ ಹಾಕ್ತೀನಿ. ಆಮೇಲೆ ಈ ಬಾಯಲ್ಲಿ ಮರಿ ಅನ್ನೋ ಮಾತು ಬರಲ್ಲ," ಎಂದು ತಮ್ಮನಿಗೆ ಹೇಳಿದ್ದಳು. ಅಕ್ಕ ಆಡಿದ ಮಾತಿಗೆ ಎರಡಿಲ್ಲ ಎಂಬುದು ಅಳತೆಪ್ಪನವರಿಗೆ ಹುಟ್ಟಿನಿಂದಲೇ ಗೊತ್ತು.

ಈ ಸಲ ನೂರ ಇಪ್ಪತ್ತು ಮೊಟ್ಟೆ. ಮರಿ ಒಡೆಯಲು ಇಪ್ಪತ್ತೊಂದು ದಿನ ಬೇಕು. ಆ ಭಾನುವಾರ ಹತ್ತೊಂಬತ್ತನೆಯ ದಿನ. ಪೆಟ್ಟಿಗೆಯ ಉಷ್ಣಮಾಪಕ ಮೂವತ್ತೇಳೂವರೆಯಲ್ಲಿ ಮೊಳೆ ಹೊಡೆದಂತೆ ನಿಂತಿತ್ತು. ಬರುವ ಮರಿಗಳಿಗೆ ಹಾಸಲು ಹೊಟ್ಟು ತರಬೇಕೆಂದು ಅಕ್ಕ ಬೆಳಗ್ಗೆಯೇ ಚೀಲ ಮಡಚಿಕೊಂಡು ಹೊರಟಳು.

"ಪೆಟ್ಟಿಗೆ ಹತ್ತಿರ ಹೋಗಬೇಡ. ಬಾಗಿಲು ತೆಗೀಬೇಡ. ಅದರ ಮುಂದೆ ಉಸಿರೂ ಬಿಡಬೇಡ."

"ಉಸಿರು ಬಿಡದೆ ಹೇಗಕ್ಕ ಇರೋದು?"

"ನಿನ್ನ ರೂಮಲ್ಲಿ ಬಿಡು."

ಅಳತೆಪ್ಪನವರು ಮಾತು ಮೀರಲಿಲ್ಲ. ಪೆಟ್ಟಿಗೆಯ ಹತ್ತಿರ ಸುಳಿಯದೆ, ಕಿಟಕಿಯ ಮೇಲಿದ್ದ ಹೆಚ್ಚುವರಿ ಬಲ್ಬೊಂದನ್ನು ಎತ್ತಿಕೊಂಡು ತಮ್ಮ ಕೋಣೆಗೆ ಬಂದರು. ನಾಲ್ಕು ಬಲ್ಬಿನ ಜೊತೆಗೇ ಕೊಂಡದ್ದು, ಅದೇ ಜಾತಿ, ಅದೇ ಗೋತ್ರ. ಅದು ಒಮ್ಮೆಯೂ ಉರಿದಿರಲಿಲ್ಲ; ಆದರೂ ಗುರುವಾಕ್ಯಕ್ಕೆ ಚ್ಯುತಿ ಬರಬಾರದೆಂದು ಅರ್ಧ ಗಂಟೆ ತಣ್ಣಗಾಗಲು ಬಿಟ್ಟರು. ಆಮೇಲೆ ಮೀಟರಿನ ಎರಡು ಕಡ್ಡಿಗಳನ್ನು ಬಲ್ಬಿನ ಬುಡಕ್ಕೆ ಮುಟ್ಟಿಸಿದರು. ಮೀಟರು ನಲವತ್ತು ಎಂದಿತು. ನಲವತ್ತು ಓಮ್ ರೋಧ.

ಕಾಗದ ತೆಗೆದು ಪದ್ಯ ಹಾಡಿಕೊಳ್ಳುತ್ತ ಲೆಕ್ಕಕ್ಕೆ ಕೂತರು. ಮನೆಗೆ ಬರುವುದು ಇನ್ನೂರ ಮೂವತ್ತು ವೋಲ್ಟು. ಅದನ್ನು ನಲವತ್ತರಿಂದ ಭಾಗಿಸಿದರೆ ಐದು ಮುಕ್ಕಾಲು ಆಂಪಿಯರು. ಅದನ್ನು ಮತ್ತೆ ಇನ್ನೂರ ಮೂವತ್ತರಿಂದ ಗುಣಿಸಿದರೆ ಸಾವಿರದ ಮುನ್ನೂರ ಇಪ್ಪತ್ತೆರಡೂವರೆ ವ್ಯಾಟು. ಹಾಡು ಅರ್ಧಕ್ಕೇ ನಿಂತಿತು. ಬಲ್ಬಿನ ನೆತ್ತಿಯ ಮೇಲೆ ನೂರು ಎಂದು ಅಚ್ಚಾಗಿತ್ತು.

ಬೇರೆ ಯಾರಾದರೂ ಆಗಿದ್ದರೆ ತಮ್ಮ ಲೆಕ್ಕವನ್ನು ಅನುಮಾನಿಸುತ್ತಿದ್ದರು. ಇಪ್ಪತ್ತಾರು ವರ್ಷ ಡಬ್ಬಗಳೊಡನೆ ಬಾಳಿದ ಅಳತೆಪ್ಪನವರು ಅಚ್ಚನ್ನು ಅನುಮಾನಿಸಿದರು. "ಎಂಟು ಅಂತ ಬರೆದು ಏಳೂವರೆ ಇಟ್ಟಿದ್ದು ನೋಡಿದೀನಿ. ನೂರು ಅಂತ ಬರೆದು ಸಾವಿರದ ಮುನ್ನೂರು ಇಟ್ಟಿದ್ದು ಇದೇ ಮೊದಲು," ಎಂದು ಬಲ್ಬಿಗೇ ಹೇಳಿದರು. ಅಂಥವು ನಾಲ್ಕು ಪೆಟ್ಟಿಗೆಯೊಳಗೆ ಉರಿಯುತ್ತಿವೆ. ಒಟ್ಟು ಐದು ಸಾವಿರದ ಇನ್ನೂರ ತೊಂಬತ್ತು ವ್ಯಾಟು. ಮನೆಗೆ ಮಂಜೂರಾದದ್ದೇ ಎರಡು ಸಾವಿರ.

ಆದರೂ ಅವಸರ ಪಡಲಿಲ್ಲ. ಇನ್ನೊಬ್ಬರ ಕಣ್ಣಿಗೆ ಬೀಳದ ಲೆಕ್ಕ ಲೆಕ್ಕವೇ ಅಲ್ಲವೆಂದು ಕಾಗದ ಹಿಡಿದು ಮಹಡಿ ಹತ್ತಿದರು. ಅಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿ ನಿವೃತ್ತರಾದ ಮೇಷ್ಟರು ಬಾಡಿಗೆಗಿದ್ದರು. ತಿದ್ದಲು ಏನೂ ಸಿಗದೆ ದಿನಪತ್ರಿಕೆ ತಿದ್ದುತ್ತ ಕೂತಿದ್ದ ಅವರಿಗೆ ಈ ಕಾಗದ ಕಂಡು ಮುಖ ಅರಳಿತು. ಕೆಂಪು ಪೆನ್ನು ತೆಗೆದು ಪ್ರತಿ ಸಾಲಿಗೂ ಸರಿ ಗುರುತು ಹಾಕುತ್ತ ಬಂದರು.

"ಭಾಗಾಕಾರ ಸರಿ. ಗುಣಾಕಾರ ಸರಿ. ದಶಮಾಂಶ ಕೂಡ ಇರೋ ಜಾಗದಲ್ಲೇ ಇದೆ, ಈಗಿನವರಿಗೆ ಅದೇ ಬರಲ್ಲ. ಹತ್ತಕ್ಕೆ ಹತ್ತು ತಗೊಳ್ಳಿ. ಇದು ಯಾವ ಪುಸ್ತಕದ ಲೆಕ್ಕ?"

"ಪುಸ್ತಕದ್ದಲ್ಲ ಮೇಷ್ಟ್ರೇ. ಕೆಳಗಿನ ಮನೇದು. ನಿಮ್ಮ ಕುರ್ಚಿಯ ನೇರ ಕೆಳಗೆ ಇದೆ."

ಮೇಷ್ಟರು ಪೆನ್ನಿನ ಮುಚ್ಚಳ ಹಾಕಿ, ಪಾದ ನೆಲಕ್ಕೆ ತಾಗಿಯೂ ತಾಗದಂತೆ ಎದ್ದು, ಚಪ್ಪಲಿ ಮೆಟ್ಟಿಕೊಂಡರು. "ಹತ್ತಕ್ಕೆ ಹತ್ತು ಕೊಟ್ಟಮೇಲೆ ಇಲ್ಲಿ ಕೂರೋದು ಸರಿಯಲ್ಲ," ಎಂದು ಮೆಟ್ಟಿಲಿಳಿದು ಬೀದಿಗೆ ಬಂದರು. ಬರುವಾಗ ವಿದ್ಯುತ್ ಕಚೇರಿಗೆ ಫೋನೂ ಮಾಡಿದರು. 'ತುರ್ತು' ಎಂಬ ಪದವನ್ನು ಅವರು ವಾಕ್ಯಕ್ಕೊಂದರಂತೆ ಬಳಸಿದ್ದರಿಂದ ಆ ಕಡೆಯವರು ಭಾನುವಾರವಾದರೂ ಯಾರನ್ನಾದರೂ ಕಳಿಸುತ್ತೇವೆಂದರು.

ಬೀದಿಯಲ್ಲಿ ಗಿರಣಿಯಮ್ಮ ಜರಡಿ ಕೊಡವುತ್ತಿದ್ದಳು.

"ಎಷ್ಟಂತೆ?" ಎಂದಳು, ಮೇಷ್ಟರ ಫೋನಿನ ಮಾತು ಕೇಳಿಸಿಕೊಂಡು.

"ಐದು ಸಾವಿರದ ಇನ್ನೂರ ತೊಂಬತ್ತು," ಎಂದರು ಅಳತೆಪ್ಪನವರು.

"ನನಗೆ ವ್ಯಾಟು ಗೀಟು ಬೇಡ. ಕುದುರೆ ಲೆಕ್ಕದಲ್ಲಿ ಹೇಳಿ. ನನ್ನ ಮೋಟಾರು ಐದು ಕುದುರೆ ಶಕ್ತಿದು."

ಮೇಷ್ಟರು ಆಕಾಶ ನೋಡಿ ಬಾಯಲ್ಲೇ ಭಾಗಿಸಿದರು. "ಒಂದು ಕುದುರೆಗೆ ಏಳುನೂರ ನಲವತ್ತಾರು ವ್ಯಾಟು. ಅಂದ್ರೆ ಏಳು ಕುದುರೆ."

ಗಿರಣಿಯಮ್ಮನ ಕೈಯಿಂದ ಜರಡಿ ಜಾರಿತು. ಹೆದರಿಕೆ ಬಂದದ್ದು ಆಮೇಲೆ. ಮೊದಲು ಬಂದದ್ದು ಹೊಟ್ಟೆಕಿಚ್ಚು. "ಬೀದಿಗೆಲ್ಲ ಹಿಟ್ಟು ಬೀಸಿ ಕೊಡೋ ನನಗೆ ಐದು ಕುದುರೆ. ಮೊಟ್ಟೆ ಬೆಚ್ಚಗಿಡೋಕೆ ಅವಳಿಗೆ ಏಳು?"

"ಸೂರ್ಯನ ರಥಕ್ಕೂ ಕಟ್ಟಿರೋದು ಏಳೇ," ಎಂದರು ಮೇಷ್ಟರು, ಒಂದು ಹೆಜ್ಜೆ ಹಿಂದೆ ಸರಿದು.

ಈ ಮಾತು ಬೀದಿಯ ಈ ತುದಿಯಿಂದ ಆ ತುದಿ ಮುಟ್ಟಲು ಹಾಲು ಉಕ್ಕುವಷ್ಟು ಹೊತ್ತೂ ಹಿಡಿಯಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಬೀದಿಯಲ್ಲೂ ಇರುತ್ತಾರೆ. ತುದಿಮನೆ ಮುಟ್ಟುವ ಹೊತ್ತಿಗೆ ಕುದುರೆಗಳು ಹನ್ನೆರಡಾಗಿದ್ದವು. ಬೀರುವಿನೊಳಗೆ ನಿಜವಾಗಿ ಒಂದು ಕುದುರೆ ಇದೆಯೆಂದೂ ಅದಕ್ಕೆ ಉಸಿರು ಕಟ್ಟುತ್ತಿದೆಯೆಂದೂ ಕೊನೆಯ ಮನೆಯವರು ತಿಳಿದುಕೊಂಡು ಒಂದು ಹಿಡಿ ಹುಲ್ಲು ತಂದಿದ್ದರು. ಜನ ಪಾತ್ರೆಪಡಗ, ಹಾಸಿಗೆ, ಗೋಡೆಗಡಿಯಾರಗಳೊಡನೆ ಬೀದಿಗಿಳಿದರು. ಪಕ್ಕದ ಗೋಡೆಗೆ ಅಂಟಿಕೊಂಡ ಅಂಗಡಿಯ ದರ್ಜಿ ತನ್ನ ಎರಡು ಹೊಲಿಗೆ ಯಂತ್ರಗಳನ್ನೂ, ಅಳತೆಗೆಂದು ಬಂದು ಅರ್ಧ ಅಂಗಿಯಲ್ಲಿ ನಿಂತಿದ್ದ ಗಿರಾಕಿಯನ್ನೂ ಹೊರಗೆ ಸಾಗಿಸಿದ.

ಎಲ್ಲರಿಗಿಂತ ಬುದ್ಧಿವಂತಿಕೆಯ ಮಾತು ಬಂದದ್ದು ಆ ದರ್ಜಿಯ ಬಾಯಿಂದಲೇ. "ಅಳತೆಪ್ಪನವ್ರೇ, ನಾಲ್ಕು ಬಲ್ಬಿಗೆ ಇಪ್ಪತ್ತಮೂರು ಆಂಪಿಯರು ಅಂತೀರ. ಆ ಸಾಲಿಗೆ ಹಾಕಿರೋ ಫ್ಯೂಸು ಐದು ಆಂಪಿಯರಿಂದು, ನಾನೇ ತಂದುಕೊಟ್ಟಿದ್ದು. ಹತ್ತೊಂಬತ್ತು ದಿನದಿಂದ ಅದು ಸುಟ್ಟೇ ಇಲ್ವಲ್ಲ?"

ಸತ್ಯ ಆ ಕ್ಷಣ ಬಾಗಿಲಲ್ಲಿ ಬಂದು ನಿಂತಿತ್ತು. ಒಳಗೆ ಬಾ ಎಂದಿದ್ದರೆ ಬರುತ್ತಿತ್ತು. ಅಳತೆಪ್ಪನವರು ಹುಬ್ಬು ಗಂಟಿಕ್ಕಿ ಗಂಭೀರವಾಗಿ ಯೋಚಿಸಿದರು.

"ಸುಡಬೇಕಿತ್ತು. ಸುಟ್ಟಿಲ್ಲ. ಅಂದ್ರೆ ಫ್ಯೂಸೂ ನಮ್ಮ ಕೈ ಬಿಟ್ಟಿದೆ."

ಸತ್ಯ ಹೊರಟುಹೋಯಿತು. ಜನ ಇನ್ನೂ ಹತ್ತು ಹೆಜ್ಜೆ ಹಿಂದೆ ಸರಿದರು.

ಈಗ ಎಲ್ಲರ ಕಣ್ಣೂ ಅಳತೆಪ್ಪನವರ ಮೇಲೆ. ಬಲ್ಬು ಕಿತ್ತುಹಾಕಿ ಎಂದು ಗಿರಣಿಯಮ್ಮ. ಮೇನ್ ಸ್ವಿಚ್ಚೇ ಆರಿಸಿ ಎಂದು ದರ್ಜಿ. ಈ ಕಡೆ ಬೀದಿ, ಆ ಕಡೆ ಅಕ್ಕ. ಬೀದಿಯನ್ನು ಕಳೆದುಕೊಂಡರೆ ಇನ್ನೊಂದು ಬೀದಿ ಸಿಗಬಹುದು, ಅಕ್ಕ ಸಿಗುವಳೇ? ಆದರೆ ಬೆಂಕಿ ಹತ್ತಿದರೆ ಮೊಟ್ಟೆಯೂ ಇಲ್ಲ, ಅಕ್ಕನೂ ಇಲ್ಲ. ಹೀಗೆ ತೂಗಿ ನೋಡಿ ಅವರು ಮಧ್ಯದ ದಾರಿ ಕಂಡುಕೊಂಡರು. ಒಂದು ಬಲ್ಬಿಗೇ ಸಾವಿರದ ಮುನ್ನೂರು ವ್ಯಾಟು ಇರುವಾಗ ನೂರ ಇಪ್ಪತ್ತು ಮೊಟ್ಟೆಗೆ ಅದೊಂದೇ ಧಾರಾಳವಾಯಿತು. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು, ಅಂಗಡಿಯ ರಬ್ಬರ್ ಬೂಟು ಮೆಟ್ಟಿ ಒಳಗೆ ಹೋಗಿ, ಸ್ವಿಚ್ಚು ಆರಿಸಿ, ಮೂರು ಬಲ್ಬು ತಿರುಗಿಸಿ ಕಿತ್ತು, ಒಂದನ್ನು ಮಾತ್ರ ಉರಿಯಲು ಬಿಟ್ಟು ಹೊರಬಂದರು. ರಣರಂಗದಿಂದ ಮರಳಿದವರಿಗೆ ಕೊಡುವ ಗೌರವವನ್ನು ಜನ ಅವರಿಗೆ ಕೊಟ್ಟರು. ಹೇಳಬೇಕಾದ ಮಾತೆಂದರೆ, ಅವರು ನಿಜವಾಗಿಯೂ ಸಾಯಬಹುದೆಂದು ನಂಬಿಯೇ ಒಳಗೆ ಹೋಗಿದ್ದರು. ಅಪಾಯ ಸುಳ್ಳಾಗಿತ್ತು, ಧೈರ್ಯ ಸುಳ್ಳಾಗಿರಲಿಲ್ಲ.

ಅಕ್ಕ ಹೊಟ್ಟಿನ ಚೀಲ ಹೊತ್ತು ಬೀದಿಯ ತಿರುವಿಗೆ ಬಂದದ್ದು ಇದಾಗಿ ಒಂದು ಗಂಟೆಗೆ. ಬೀದಿಯ ನಡುವೆ ಹಾಸಿಗೆಗಳು, ಹೊಲಿಗೆ ಯಂತ್ರಗಳು, ಅರ್ಧ ಅಂಗಿಯ ಮನುಷ್ಯ, ಹುಲ್ಲು ಹಿಡಿದುಕೊಂಡವನೊಬ್ಬ. ಅವಳು ಯಾರನ್ನೂ ಕೇಳಲಿಲ್ಲ. ನೇರ ಒಳಗೆ ಹೋಗಿ ಉಷ್ಣಮಾಪಕ ನೋಡಿದಳು. ಮೂವತ್ತಮೂರು.

ಹೊರಗೆ ಬಂದಾಗ ಅವಳ ಧ್ವನಿ ಏರಿರಲಿಲ್ಲ. ಅಳತೆಪ್ಪನವರಿಗೆ ಅದರಿಂದಲೇ ಹೆಚ್ಚು ಭಯವಾಯಿತು.

"ಬಲ್ಬು ಯಾರು ತೆಗೆದಿದ್ದು?"

"ಅಕ್ಕ, ಒಂದೊಂದಕ್ಕೂ ಸಾವಿರದ ಮುನ್ನೂರ ಇಪ್ಪತ್ತೆರಡೂವರೆ..."

"ಯಾರು ತೆಗೆದಿದ್ದು ಅಂದೆ."

"ನಾನು."

"ಕೊಡು."

ಅಳತೆಪ್ಪನವರು ಜೇಬಿನಿಂದ ಒಂದು, ಎರಡು, ಮೂರು ಬಲ್ಬು ತೆಗೆದುಕೊಟ್ಟರು. ಅಕ್ಕ ಬಾಗಿಲಿನ ಕಡೆ ತಿರುಗಿದಾಗ ಗಿರಣಿಯಮ್ಮ ಅಡ್ಡ ನಿಂತಳು. "ನಮ್ಮನ್ನೆಲ್ಲ ಸುಟ್ಟು ಮರಿ ಮಾಡ್ತೀಯೇನೆ?"

"ಎರಡು ದಿನ ಇದೆ. ಒಳಗೆ ಜೀವ ಇದೆ. ಸರಿ ಆಕಡೆ."

"ಏಳು ಕುದುರೆ ಇದೆಯಂತೆ ಒಳಗೆ."

"ನಿನ್ನ ತಲೇಲಿ ಒಂದು ಕತ್ತೇನೂ ಇಲ್ಲ."

ಮಾತು ಮಾತಿಗೆ ಬೆಳೆದು ಕೈ ಕೈ ಮಿಲಾಯಿಸುವ ಹಂತಕ್ಕೆ ಬರುವಾಗ ವಿದ್ಯುತ್ ಕಚೇರಿಯ ಜೀಪು ಬಂದು ನಿಂತಿತು. ಅದರಿಂದ ಇಳಿದವಳು ಮೂವತ್ತರ ಆಚೀಚೆಯ ಇಂಜಿನಿಯರು. ಭಾನುವಾರದ ಊಟ ಅರ್ಧಕ್ಕೆ ಬಿಟ್ಟು ಬಂದ ಸಿಟ್ಟು ಅವಳ ಮುಖದಲ್ಲಿತ್ತು; ಬೀದಿಯ ದೃಶ್ಯ ನೋಡಿ ಅದು ಕುತೂಹಲವಾಯಿತು. ಮೇಷ್ಟರು ಮುಂದೆ ಬಂದು ಕಾಗದ ಕೊಟ್ಟರು.

"ಈ ಲೆಕ್ಕ ಮಾಡಿದವರು ಯಾರು?"

ಅಳತೆಪ್ಪನವರು ಕೈಯೆತ್ತಿದರು. ಇಂಜಿನಿಯರು ಕಾಗದವನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು.

"ಸರಿಯಾಗಿದೆ," ಎಂದಳು.

ಅಕ್ಕ ಹೊಟ್ಟಿನ ಚೀಲದ ಮೇಲೆ ಕುಸಿದು ಕೂತಳು. ಸರ್ಕಾರವೇ ಸರಿ ಎಂದಮೇಲೆ ಇನ್ನೇನು ಉಳಿಯಿತು? ಇಪ್ಪತ್ತು ವರ್ಷದಲ್ಲಿ ಅಕ್ಕನ ಕಣ್ಣಲ್ಲಿ ನೀರು ಕಾಣದಿದ್ದ ಅಳತೆಪ್ಪನವರು ಅಂದು ಕಂಡರು. ಹತ್ತಕ್ಕೆ ಹತ್ತು ಬಂದ ತಮ್ಮ ಲೆಕ್ಕವನ್ನು ಹರಿದು ನುಂಗಿಬಿಡಬೇಕು ಎನ್ನಿಸಿತು.

"ಲೆಕ್ಕ ಸರಿಯಾಗಿದೆ," ಎಂದು ಇಂಜಿನಿಯರು ಮುಂದುವರಿಸಿದಳು. "ಈ ನಲವತ್ತು ಓಮ್ ಅನ್ನೋದು, ಬಲ್ಬು ಉರೀತಿದ್ದಾಗ ಸಿಕ್ಕಿದ್ದಾ?"

"ಛೆ ಛೆ. ನಾನು ಅಂಥ ಕೆಲಸ ಮಾಡೋನಲ್ಲ. ಆರಿದ್ದಾಗ ಅಳೆದಿದ್ದು. ಸಾಲದ್ದಕ್ಕೆ ಅರ್ಧ ಗಂಟೆ ತಣ್ಣಗೂ ಮಾಡಿದ್ದೆ."

ಇಂಜಿನಿಯರು ಕೆಳತುಟಿ ಕಚ್ಚಿಕೊಂಡು ಒಂದು ಕ್ಷಣ ಜೀಪಿನ ಕಡೆ ನೋಡಿದಳು. ಆಮೇಲೆ ಅಕ್ಕನ ಹತ್ತಿರ ಹೋಗಿ, "ಏಳಿ ಅಮ್ಮ. ನಾಲ್ಕೂ ಬಲ್ಬು ಹಾಕಿ ಹೊತ್ತಿಸಿ. ಜವಾಬ್ದಾರಿ ನನ್ನದು," ಎಂದಳು.

ಅಕ್ಕ ಎದ್ದು ಒಳಗೆ ಹೋದ ವೇಗಕ್ಕೆ ಗಿರಣಿಯಮ್ಮ ತಾನಾಗಿ ಗೋಡೆಗೆ ಒರಗಿದಳು. ನಾಲ್ಕು ಬಲ್ಬೂ ಹೊತ್ತಿದವು. ಇಂಜಿನಿಯರು ಬ್ಯಾಗಿನಿಂದ ಇಕ್ಕಳದ ಬಾಯಿಯ ಮೀಟರೊಂದನ್ನು ತೆಗೆದು ಅಳತೆಪ್ಪನವರ ಕೈಗೆ ಕೊಟ್ಟಳು. "ನೀವೇ ಅಳೀರಿ. ಇದು ತಂತೀನ ಮುಟ್ಟದೆ, ಹೊರಗಿಂದ ತಬ್ಬಿ ಕರೆಂಟು ಹೇಳುತ್ತೆ."

ಅಳತೆಪ್ಪನವರು ಒಂದು ತಂತಿಯನ್ನು ಇಕ್ಕಳದ ಬಾಯಿಗೆ ಸಿಕ್ಕಿಸಿದರು. ನಾಲ್ಕು ಬಲ್ಬಿಗೂ ಸೇರಿ ಒಂದು ಪಾಯಿಂಟ್ ಏಳು ನಾಲ್ಕು ಆಂಪಿಯರು. ವೋಲ್ಟು ಇನ್ನೂರ ಮೂವತ್ತು. ಅವರಿಗೆ ಅರಿವಿಲ್ಲದೆಯೇ ಗಂಟಲಿನಿಂದ ಪದ್ಯದ ಎರಡನೆಯ ಸಾಲು ರಾಗವಾಗಿ ಹೊರಟಿತು. ಕಿಟಕಿಯ ಆಚೆ ಮೇಷ್ಟರು ಗುಣಿಸಿದರು.

"ನಾನೂರು ಪಾಯಿಂಟ್ ಎರಡು. ಆ ಪಾಯಿಂಟ್ ಎರಡನ್ನ ಬಿಟ್ಟುಬಿಡಿ. ನಾನೂರು. ಬಲ್ಬಿಗೆ ನೂರು."

ಅಚ್ಚಾದದ್ದು ನಿಜವಾಗಿತ್ತು. ಅಳತೆಪ್ಪನವರ ಬಾಳಿನಲ್ಲಿ ಇದು ಸಣ್ಣ ಘಟನೆಯಲ್ಲ.

"ಕುದುರೆ ಎಷ್ಟು?" ಎಂದು ಗಿರಣಿಯಮ್ಮ ಹೊರಗಿನಿಂದ ಕೇಳಿದಳು.

"ಅರ್ಧ. ಅರ್ಧಕ್ಕಿಂತ ಒಂದು ಚೂರು ಜಾಸ್ತಿ."

"ಬಾಲ ಸೇರಿರಬೇಕು," ಎಂದ ದರ್ಜಿ. ಗಿರಣಿಯಮ್ಮ ಕಳೆದುಕೊಂಡ ಗತ್ತನ್ನು ಪೂರ್ತಿ ವಾಪಸು ಪಡೆದು ಸೆರಗು ಸರಿಮಾಡಿಕೊಂಡಳು. ಹುಲ್ಲು ತಂದವನು ಅದನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಅಳತೆಪ್ಪನವರಿಗೆ ಮಾತ್ರ ಸಮಾಧಾನವಾಗಲಿಲ್ಲ. ಅಲ್ಲೇ ನೆಲಕ್ಕೆ ಕೂತು ಮತ್ತೆ ಬರೆದರು. ಒಂದು ಬಲ್ಬಿಗೆ ಸೊನ್ನೆ ಪಾಯಿಂಟ್ ನಾಲ್ಕು ಮೂರು ಐದು ಆಂಪಿಯರು. ಇನ್ನೂರ ಮೂವತ್ತನ್ನು ಅದರಿಂದ ಭಾಗಿಸಿದರೆ ರೋಧ ಐನೂರ ಇಪ್ಪತ್ತೊಂಬತ್ತು. "ಬೆಳಗ್ಗೆ ನಲವತ್ತು ಇದ್ದಿದ್ದು ಈಗ ಐನೂರ ಇಪ್ಪತ್ತೊಂಬತ್ತು. ಮೀಟರು ಸುಳ್ಳು ಹೇಳ್ತಾ ಇದೆಯಾ ತಾಯಿ?"

"ಇಲ್ಲ. ಎರಡೂ ನಿಜ. ಒಳಗಿನ ತಂತಿ ಬಿಸಿಯಾದಷ್ಟೂ ಅದರ ರೋಧ ಏರುತ್ತೆ. ತಣ್ಣಗಿದ್ದಾಗ ನಲವತ್ತು, ಕೆಂಡದ ಹಾಗೆ ಉರಿಯೋವಾಗ ಅದರ ಹದಿಮೂರರಷ್ಟು. ಅದಕ್ಕೇ ನಾವು ಉರೀತಿದ್ದಾಗಲೇ ವೋಲ್ಟು, ಆಂಪಿಯರು ಅಳೆದು, ಅದರಿಂದ ರೋಧ ಲೆಕ್ಕ ಹಾಕೋದು."

ಅಳತೆಪ್ಪನವರು ಬಹಳ ಹೊತ್ತು ಆ ಎರಡು ಸಂಖ್ಯೆಗಳನ್ನೇ ನೋಡುತ್ತ ಕೂತರು. ಆಮೇಲೆ ತಟ್ಟನೆ ಎದ್ದು, ಮೇಷ್ಟರನ್ನು ಒಳಗೆ ಕರೆತಂದು ಕುರ್ಚಿಯ ಮೇಲೆ ಕೂರಿಸಿ, ಅವರ ಬಲಪಾದವನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡು ಜೇಬಿನ ಪಟ್ಟಿಯಿಂದ ಅಳೆದರು. "ಏಳೂವರೆ. ಈಗ ಎದ್ದು ನಿಲ್ಲಿ." ಮೇಷ್ಟರು ನಿಂತರು. ಮತ್ತೆ ಅಳೆದರು. "ಎಂಟು."

"ಏನಿದು?" ಎಂದಳು ಇಂಜಿನಿಯರು.

"ಕೂತ ಕಾಲಿಗೂ ನಿಂತ ಕಾಲಿಗೂ ಅರ್ಧ ನಂಬರು ವ್ಯತ್ಯಾಸ ತಾಯಿ. ಮೈಭಾರ ಬಿದ್ದಮೇಲೇ ಪಾದ ತನ್ನ ನಿಜವಾದ ಅಳತೆ ಹೇಳೋದು. ಕೂರಿಸಿ ಅಳೆದು ಜೋಡು ಕೊಟ್ಟರೆ ಗಿರಾಕಿ ನಾಲ್ಕು ಹೆಜ್ಜೆ ಹೋಗೋದ್ರಲ್ಲಿ ಕಚ್ಚುತ್ತೆ. ಇಪ್ಪತ್ತಾರು ವರ್ಷದಲ್ಲಿ ಒಬ್ಬರನ್ನೂ ನಾನು ಕೂರಿಸಿ ಅಳೆದವನಲ್ಲ." ಅವರ ಧ್ವನಿ ಇಳಿಯಿತು. "ಈ ಬಲ್ಬನ್ನ ಮಾತ್ರ ಮಲಗಿಸಿ ಅಳೆದೆ."

ಕೋಣೆಯಲ್ಲಿ ಯಾರೂ ನಗಲಿಲ್ಲ. ಇಂಜಿನಿಯರು ಬ್ಯಾಗಿನಿಂದ ಪುಟ್ಟ ಪುಸ್ತಕ ತೆಗೆದಳು. "ಇನ್ನೊಂದು ಸಲ ಹೇಳಿ, ಬರ್ಕೋತೀನಿ. ನಮ್ಮಲ್ಲಿ ಕೆಲಸ ಕಲಿಯೋಕೆ ಬರೋರಿಗೆ ಇದನ್ನ ಹೇಳಿ ಹೇಳಿ ನನ್ನ ಗಂಟಲು ಹೋಗಿದೆ. ಇನ್ಮೇಲೆ ಚಪ್ಪಲಿ ಬಿಚ್ಚಿಸ್ತೀನಿ." ಹೊರಡುವಾಗ ಅವಳು, ಯಾರಿಗೂ ಮಾಡದ ಹಾಗೆ, ಅಳತೆಪ್ಪನವರ ಕೈ ಕುಲುಕಿದಳು. ಬೀದಿ ನೋಡುತ್ತಿತ್ತು. ಹಾಸಿಗೆ, ಗಡಿಯಾರ, ಹೊಲಿಗೆ ಯಂತ್ರಗಳೆಲ್ಲ ಒಂದೊಂದಾಗಿ ಒಳಗೆ ಹೋದವು.

ಅಕ್ಕ ಮಾತ್ರ ತಮ್ಮನೊಡನೆ ಮಾತಾಡಲಿಲ್ಲ. ಉಷ್ಣಮಾಪಕ ಮತ್ತೆ ಮೂವತ್ತೇಳೂವರೆಗೆ ಏರಿತ್ತು. ಆದರೆ ತಣ್ಣಗಾದ ಆ ಹೊತ್ತು ಮೊಟ್ಟೆಗಳೊಳಗೆ ಏನು ಮಾಡಿದೆಯೋ ಯಾರಿಗೆ ಗೊತ್ತು. ಕೊಡಲಿಯನ್ನು ಅವಳು ಹಿತ್ತಲಿನಿಂದ ತಂದು ಬೀರುವಿನ ಪಕ್ಕದಲ್ಲೇ ಒರಗಿಸಿಟ್ಟಿದ್ದಳು. ಎರಡು ದಿನ ಅಳತೆಪ್ಪನವರು ಅನ್ನ ನುಂಗಿದ್ದು ಅದನ್ನು ನೋಡಿಕೊಂಡೇ.

ಇಪ್ಪತ್ತೊಂದನೆಯ ದಿನ ಬೆಳಗ್ಗೆ ಬೀರುವಿನೊಳಗಿಂದ ಸೂಜಿ ಮುರಿದಷ್ಟು ಸಣ್ಣ ಸದ್ದು ಬಂತು. ಅಕ್ಕ ಬಾಗಿಲಿಗೆ ಕಿವಿಯಿಟ್ಟಳು. ಮತ್ತೊಂದು ಸದ್ದು. ಮಧ್ಯಾಹ್ನಕ್ಕೆ ಮೂವತ್ತು ಮರಿ, ಸಂಜೆಗೆ ಎಂಬತ್ತಮೂರು. ಹೆದರಿ ಓಡಿದ್ದ ಬೀದಿಯೆಲ್ಲ ಈಗ ಕಿಟಕಿಗೆ ಜೋತುಬಿದ್ದಿತ್ತು. ತಮ್ಮ ಧೈರ್ಯದಿಂದಲೇ ಮರಿಗಳಾದವು ಎಂಬ ಭಾವ ಎಲ್ಲರ ಮುಖದಲ್ಲೂ ಇತ್ತು. ಉಳಿದ ಮೂವತ್ತೇಳು ಮೊಟ್ಟೆ ಮಾತ್ರ ಕಲ್ಲಿನಂತೆ ಕೂತಿದ್ದವು.

"ಇವು ಇಷ್ಟೇ," ಎಂದಳು ಗಿರಣಿಯಮ್ಮ. "ತೆಗೆದು ಎಸೆದುಬಿಡು. ಬಂದಷ್ಟು ಬಂತು."

ಅಕ್ಕ ಬುಟ್ಟಿ ಎತ್ತಿಕೊಂಡಳು. ಆಗ ಅಳತೆಪ್ಪನವರು ಎರಡು ದಿನದಲ್ಲಿ ಮೊದಲ ಸಲ ಅವಳ ಎದುರು ಬಂದು ನಿಂತರು.

"ಅಕ್ಕ, ನಾನು ಅವನ್ನ ತಣ್ಣಗೆ ಮಾಡಿದ್ದು ಗಂಟೆಗಿಂತ ಹೆಚ್ಚು ಹೊತ್ತು. ಅಷ್ಟು ಹೊತ್ತು ಅವು ಕೆಲಸ ನಿಲ್ಲಿಸಿದ್ವೋ ಏನೋ. ಆ ಹೊತ್ತನ್ನ ಅವಕ್ಕೆ ವಾಪಸು ಕೊಡಬೇಡ್ವಾ? ಇನ್ನೊಂದು ದಿನ ಬಿಡು."

"ಒಂದು ಗಂಟೆಗೆ ಒಂದು ದಿನ. ಇದು ಯಾವ ಲೆಕ್ಕ?"

"ಲೆಕ್ಕ ಅಲ್ಲ. ಕೇಳ್ಕೋತಾ ಇದೀನಿ."

ಅಕ್ಕ ಅವರ ಮುಖವನ್ನು ನೋಡಿದಳು. ಬುಟ್ಟಿ ಕೆಳಗಿಟ್ಟಳು.

ಆ ರಾತ್ರಿಯ ಬಗ್ಗೆ ಹೇಳುವುದೇನೂ ಇಲ್ಲ. ಇಬ್ಬರೂ ನಿದ್ದೆ ಮಾಡಿದಂತೆ ನಟಿಸಿದರು. ಮರುದಿನ ಅಂಗಡಿಯಿಂದ ಊಟಕ್ಕೆ ಬಂದ ಅಳತೆಪ್ಪನವರು ಹೊಸ್ತಿಲಲ್ಲೇ ನಿಂತರು. ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳ ಮಡಿಲಲ್ಲಿ, ಹೊಟ್ಟಿನ ಮೇಲೆ, ಒಗೆದ ಬಟ್ಟೆಯ ಬುಟ್ಟಿಯಲ್ಲಿ, ಎಲ್ಲೆಲ್ಲೂ ಒದ್ದೆ ರೆಕ್ಕೆಯ, ತೂರಾಡುವ ಜೀವಗಳು. ಹೊಸದಾಗಿ ಇಪ್ಪತ್ತಾರು. ಒಟ್ಟು ನೂರ ಒಂಬತ್ತು.

ಗಿರಣಿಯಮ್ಮ ಕಿಟಕಿಯಲ್ಲೇ ಇದ್ದಳು. "ಉಳಿದ ಹನ್ನೊಂದಕ್ಕೆ ಏನಾಯ್ತಂತೆ? ನಿಮ್ಮ ಮೀಟರು ಇಟ್ಟು ನೋಡಿ ಅಳತೆಪ್ಪನವ್ರೇ."

"ಅದು ನನ್ನ ಅಳತೆಗೆ ಸಿಗೋದಲ್ಲಮ್ಮ," ಎಂದರು ಅವರು ಮೆಲ್ಲಗೆ.

ಅಕ್ಕ ಒಂದು ಮರಿಯನ್ನು ಎತ್ತಿ ತಮ್ಮನ ಅಂಗೈಯಲ್ಲಿಟ್ಟಳು. ಕೊಡಲಿಯನ್ನು ಕಾಲಿನಿಂದಲೇ ಬೀರುವಿನ ಹಿಂದಕ್ಕೆ ತಳ್ಳಿದಳು. ಆಮೇಲೆ ಬೇರೆ ಯಾರಿಗೋ ಹೇಳುವ ಹಾಗೆ ಗೋಡೆಯನ್ನು ನೋಡುತ್ತ ಹೇಳಿದಳು:

"ಮುಂದಿನ ಸಲ ಇನ್ನೂರು ಮೊಟ್ಟೆ ಇಡೋಣ ಅಂತ. ಎಷ್ಟು ಬಲ್ಬು ಬೇಕು, ತಂತಿ ತಡೆಯುತ್ತಾ, ಲೆಕ್ಕ ಹಾಕಿಕೊಡು."

ಅಳತೆಪ್ಪನವರು ಅಂಗೈಯ ಮರಿ ಅಲುಗದಂತೆ ನಿಂತು ಕೇಳಿದರು, "ಉರೀತಿದ್ದಾಗ ಅಳೀಲಾ ಅಕ್ಕ, ಆರಿದ್ದಾಗ ಅಳೀಲಾ?"

"ನಾನು ಮನೇಲಿದ್ದಾಗ ಅಳಿ."